ಬಾಯಿಸಾಹೇಬರ ಎಡಗಣ್ಣು

ಬೆಳಿಗ್ಗೆ ಸ್ವಾಗತಕೋಣೆಯ ದೀಪ ಹಾಕಿದ ದಿನೇಶನಿಗೆ ಮೊದಲು ಕಂಡದ್ದು ಬಾಯಿಸಾಹೇಬರ ಬಲಗಣ್ಣು. ಅದು ನಿನ್ನೆಯವರೆಗೆ ಇದ್ದ ಜಾಗದಲ್ಲೇ ಇತ್ತು, ಆದರೆ ಅಲ್ಲಿಂದ ಹೊರಟು ನಿಂತ ಹಾಗಿತ್ತು. ಸುತ್ತಲೂ ಬಾವು, ಮೇಲೆ ಹಾಲಿನ ಕೆನೆಯಂಥ ತೆಳುವಾದ ಪೊರೆ. ದಿನೇಶ ಕೈಯಲ್ಲಿದ್ದ ಕಸಬರಿಗೆಯನ್ನು ಗೋಡೆಗೆ ಒರಗಿಸಿ ನಿಂತುಬಿಟ್ಟ.

ಬಾಯಿಸಾಹೇಬ್ ಎಂದರೆ ಒಂದು ಮೀನು. ಅಂಗೈಯಗಲದ, ಹಪ್ಪಳದಷ್ಟು ಚಪ್ಪಟೆಯಾದ, ಅರಿಸಿನ ಬಳಿದಂಥ ಹಳದಿ ಮೀನು. ಮೌಳಂಗಿಯ ಹತ್ತಿರ ಕಾಳಿ ನದಿಯ ದಂಡೆಯಲ್ಲಿರುವ ಜ್ಯೋತಿಬಾ ಸಾವುಕಾರರ ರಿಸಾರ್ಟಿನಲ್ಲಿ ಬಾಯಿಸಾಹೇಬರಿಗೆ ಗೋಡೆಗೆ ತಾಗಿ ಒಂದು ಗಾಜಿನ ಮನೆ. ಹೊರಗೆ ನದಿಯಲ್ಲಿ ಬೇಕಾದಷ್ಟು ಮೀನುಗಳಿದ್ದವು, ಆದರೆ ಅವೆಲ್ಲ ಸಿಹಿನೀರಿನ ಸಾಮಾನ್ಯ ಪ್ರಜೆಗಳು. ಬಾಯಿಸಾಹೇಬರು ಸಮುದ್ರದವರು, ಗೋವಾದಿಂದ ಕಾರಿನಲ್ಲಿ ಬಂದವರು. ಅವರ ಉಪ್ಪುನೀರನ್ನು ಸಾವುಕಾರರು ಸ್ನಾನ ಮಾಡಿ ಬಂದು ತಾವೇ ಕಲಸುತ್ತಿದ್ದರು. ಆ ನೀರಿಗೆ ಇನ್ನೊಬ್ಬರ ಬೆರಳು ತಾಗುವಂತಿರಲಿಲ್ಲ. ಗಾಜು ಒರೆಸುವ ಕೆಲಸ ಮಾತ್ರ ದಿನೇಶನದು.

ನಿನ್ನೆ ಮಧ್ಯಾಹ್ನ ಹಾಗೆ ಒರೆಸುವಾಗಲೇ ಎಡವಟ್ಟಾಗಿತ್ತು. ಒಳಗೊಂದು ಹೊರಗೊಂದು ಅಯಸ್ಕಾಂತವಿಟ್ಟು ಉಜ್ಜುವ ಒರೆಸುಗ ಅದು. ಒಳಗಿನ ತುಂಡು ಜಾರಿ ಕೆಳಗೆ ಬಿತ್ತು. ಬಾಯಿಸಾಹೇಬರು ಬೆದರಿ ಕಲ್ಲಿನ ಸಂದಿಗೆ ನುಗ್ಗಿದರು. ಯಾರೂ ನೋಡಲಿಲ್ಲವೆಂದು ದಿನೇಶ ನೆಮ್ಮದಿಯಿಂದಿದ್ದ. ಸಂಜೆ ಸಾವುಕಾರರು ಮದುವೆಯೊಂದಕ್ಕೆಂದು ಬೆಳಗಾವಿಗೆ ಹೊರಟುಹೋದರು. ಇವತ್ತು ಸಂಜೆ ವಾಪಸು ಬರುವವರಿದ್ದರು.

ಬಂದ ಕೂಡಲೇ ಹಿತ್ತಿಲ ಖೋಲಿಯ ಕೀಲಿ ಕೊಡುವುದಾಗಿ ಅವರೇ ಹೇಳಿದ್ದರು. ಆ ಖೋಲಿ ಸಿಕ್ಕರೆ ಮುಂಡಗೋಡದ ತಾಂಡಾದಲ್ಲಿರುವ ಅವನ ಹೆಂಡತಿ ಸುಮನ, ಕೂಸನ್ನು ಕರೆದುಕೊಂಡು ಬರುತ್ತಿದ್ದಳು. ಹುಟ್ಟಿದಾಗಿನಿಂದ ದಿನೇಶ ಆ ಕೂಸನ್ನು ಎತ್ತಿಕೊಂಡದ್ದಕ್ಕಿಂತ ಫೋನಿನಲ್ಲಿ ನೋಡಿದ್ದೇ ಹೆಚ್ಚು. ಅವನಿಗಿಂತ ಮೊದಲು ಈ ಕೆಲಸದಲ್ಲಿದ್ದ ಬಾಳೇಶ, ಬಾಯಿಸಾಹೇಬರ ನೆರೆಯಲ್ಲಿದ್ದ ಒಂದು ಸೀಗಡಿ ಸತ್ತದ್ದಕ್ಕೆ ತೇರಗಾಂವದ ಹೊಲಕ್ಕೆ ಹಿಂತಿರುಗಿದ್ದ. ಸೀಗಡಿಗೇ ಹೀಗಾದರೆ ಬಾಯಿಸಾಹೇಬರ ಕಣ್ಣಿಗೆ ಏನಾದೀತೆಂದು ದಿನೇಶ ಲೆಕ್ಕ ಹಾಕಿದ.

ಅವನು ತನ್ವೀರನಿಗೆ ಫೋನು ಹಚ್ಚಿದ. ತನ್ವೀರ ದಾಂಡೇಲಿಯವನೇ, ಈಗ ಗೋವಾದ ಮಡಗಾಂವದಲ್ಲಿ ಮೀನು ಸಾಕುವವರ ಅಂಗಡಿಯಲ್ಲಿದ್ದ.

"ಒಂದ ಕಣ್ಣೋ, ಎರಡೋ?" ಎಂದ ತನ್ವೀರ.

"ಯಾಕ?"

"ಒಂದ ಉಬ್ಬಿದ್ರ ಪೆಟ್ಟು ಬಿದ್ದೈತಿ ಅಂತ ತಿಳಕೋ. ಕಲ್ಲಿಗೆ ಬಡದಿರತೈತಿ, ಇಲ್ಲಾ ಯಾರರ ಬಡದಿರತಾರ. ಎರಡೂ ಉಬ್ಬಿದ್ರ ಹೆಚ್ಚಾಗಿ ನೀರಿಂದ ತಪ್ಪು. ನೀರು ಕೆಟ್ಟೈತಿ, ರೋಗ ಹೊಕ್ಕೈತಿ."

"ಪೆಟ್ಟಾಗಿದ್ರ ಏನ ಮಾಡಬೇಕು?"

"ಏನೂ ಮಾಡಬ್ಯಾಡ ಭಾಯ್. ಲೈಟ್ ಕಡಿಮಿ ಮಾಡು, ಸುಮ್ಮ ಬಿಡು, ತಾನ ಇಳೀತೈತಿ. ಬಹಳಂದ್ರ ಎಪ್ಸಮ್ ಉಪ್ಪು ಒಂದ ಚಮಚ ಬ್ಯಾರೆ ನೀರಾಗ ಕರಗಿಸಿ ನಿಧಾನಕ್ಕ ಹಾಕು. ಗಡಿಬಿಡಿ ಮಾಡಬ್ಯಾಡ."

ಸುಮ್ಮನೆ ಬಿಡು ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ದಿನೇಶನ ತಲೆಗೆ ಹೋಯಿತು. ಒಂದು ಕಣ್ಣಾದರೆ ತಪ್ಪು ತನ್ನದು, ಖೋಲಿಗೆ ಎಳ್ಳುನೀರು. ಎರಡು ಕಣ್ಣಾದರೆ ತಪ್ಪು ನೀರಿನದು, ನೀರು ಸಾವುಕಾರರದು. ಈಗ ಎಡಗಣ್ಣನ್ನು ನೋಡಬೇಕಿತ್ತು. ಆದರೆ ಬಾಯಿಸಾಹೇಬರು ಎಡಮೈಯನ್ನು ಹಿಂದಿನ ಗೋಡೆಗೆ ಕೊಟ್ಟು, ಉಬ್ಬಿದ ಬಲಗಣ್ಣಿನಿಂದ ದಿನೇಶನನ್ನೇ ನೋಡುತ್ತ ಮೂಲೆಯಲ್ಲಿ ನಿಂತಿದ್ದರು. ಆ ಕಾಣದ ಕಣ್ಣೂ ಉಬ್ಬಿರಲಿ ಎಂದು ದಿನೇಶ ತಾಂಡಾದ ದೇವರಿಗೆ ಕೈಮುಗಿದ. ಮುಗಿದ ಮೇಲೆ ಅವನಿಗೇ ನಾಚಿಕೆಯಾಯಿತು. ಮೂಕಪ್ರಾಣಿಯ ಕಣ್ಣು ಕೆಡಲೆಂದು ಬೇಡಿಕೊಂಡವರನ್ನು ಅವನು ಈವರೆಗೆ ಕಂಡಿರಲಿಲ್ಲ.

ಅಡುಗೆಮನೆಯಿಂದ ಮಾಗ್ದಲೀನಾ ಬಂದಳು. ಸಾಂಬ್ರಾಣಿ ಕಡೆಯವಳು, ರಿಸಾರ್ಟಿನ ಒಲೆ ಅವಳ ಕೈಯಲ್ಲಿತ್ತು. ಸೆರಗಿಗೆ ಕೈ ಒರೆಸಿಕೊಂಡು ಮೀನನ್ನು ಬಹಳ ಹೊತ್ತು ನೋಡಿದಳು.

"ಕೊತ್ತಂಬರಿ ನೀರು ಎರಡ ಹನಿ ಬಿಟ್ರ ಆರಾಮ ಆಗತೈತಿ."

"ನೀರಾಗ ಇದ್ದಾಕಿಗೆ ಕಣ್ಣಾಗ ಹನಿ ಬಿಡೂದು ಹೆಂಗವ್ವಾ?"

ಮಾಗ್ದಲೀನಾ ಯೋಚಿಸಿದಳು. "ಅದೂ ಖರೇ," ಎಂದು ಒಪ್ಪಿಕೊಂಡು, ಎದುರಿನ ಚಹಾದಂಗಡಿಯ ಗೂಳಪ್ಪನನ್ನು ಕರೆದಳು.

ಗೂಳಪ್ಪ ದನದ ದವಾಖಾನೆಯಲ್ಲಿ ಡಾಕ್ಟರರ ಚೀಲ ಹಿಡಿದು ತಿರುಗಿ ನಿವೃತ್ತನಾದವನು. ನಿವೃತ್ತಿಯ ನಂತರವೂ ಚೀಲ ಅವನ ಹತ್ತಿರವೇ ಉಳಿದಿತ್ತು. ಅವನು ಕನ್ನಡಕ ಹಾಕಿಕೊಂಡು, ಗಾಜಿಗೆ ಮೂಗು ಹಚ್ಚಿ, ಶವಪರೀಕ್ಷೆಗೆ ಬಂದವನ ಗಾಂಭೀರ್ಯದಿಂದ ನೋಡಿದ.

"ಮೇವು ತಿಂತೈತೇನು?"

"ನಿನ್ನಿಯಿಂದ ಇಲ್ಲ."

"ಸೆಗಣಿ?"

ದಿನೇಶ ಅದನ್ನು ಗಮನಿಸಿರಲಿಲ್ಲ. ತನ್ವೀರ ಹೇಳಿದ ಉಪ್ಪಿನ ವಿಷಯ ಹೇಳಿದ. ಗೂಳಪ್ಪನ ಮುಖ ಅರಳಿತು.

"ಎಪ್ಸಮ್ ಅಂದ್ರ ನಮ್ಮ ಜುಲಾಬದ ಉಪ್ಪೋ ತಮ್ಮಾ. ಎಷ್ಟ ಎಮ್ಮಿ ಹೊಟ್ಟಿ ಸಡ್ಲ ಮಾಡೇನಿ ಇದರಾಗ."

"ಇದು ಕಣ್ಣಿಂದ ಐತಲ್ರೀ."

"ಹೊಟ್ಟಿ ಹಗುರಾದ್ರ ಕಣ್ಣು ತಾವ ಒಳಗ ಹೋಗತಾವ."

ಚೀಲದಿಂದ ಉಪ್ಪಿನ ಪೊಟ್ಟಣ ಬಂತು. ಒಂದೇ ಚಮಚ ಎಂದು ದಿನೇಶ ಹೇಳಿನೋಡಿದ. ಗೂಳಪ್ಪ ಕರುಣೆಯಿಂದ ಅವನ ಕಡೆ ನೋಡಿದ. "ಚಮಚ ಅಂಗಡ್ಯಾಗ ಕುಂತಾವ್ರ ಲೆಕ್ಕ. ಔಷಧಕ್ಕ ಕೈ ಬಿಚ್ಚಿರಬೇಕು," ಎಂದವನೇ ಮೇಲಿನ ಮುಚ್ಚಳ ಸರಿಸಿ ಮುಷ್ಟಿ ತುಂಬ ಸುರಿದುಬಿಟ್ಟ. ಉಪ್ಪು ಕೆಳಗೆ ಗುಡ್ಡೆಯಾಗಿ ಕೂತಿತು. "ಈಗ ಕಲಸು," ಎಂದು ದಿನೇಶನಿಗೆ ಹೇಳಿದ. ಸಾವುಕಾರರ ನೀರಿಗೆ ದಿನೇಶ ಮೊದಲ ಬಾರಿಗೆ ಮೊಳಕೈವರೆಗೆ ಕೈ ಅದ್ದಿದ. ತಳದ ಮರಳೆಲ್ಲ ಎದ್ದು ನೀರು ಮಸುಕಾಯಿತು. ಗೂಳಪ್ಪ, ಔಷಧ ಹಿಡಿಯುತ್ತಿದೆ ಎಂದು ಹೇಳಿ ಅಂಗಡಿಗೆ ಹೋದ.

ಇಷ್ಟಾದರೂ ಬಾಯಿಸಾಹೇಬರು ತಿರುಗಲಿಲ್ಲ. ದಿನೇಶ ಬಲಗಡೆ ನಿಂತು ಚಿಟಿಕೆ ಹೊಡೆದ. ಎಡಗಡೆ ಕೂತು ಬೇಡಿಕೊಂಡ. ಲೆಟ್ಯೂಸ್ ಎಲೆಯನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟ. ರೂಮು ಖಾಲಿ ಮಾಡಿ ಹೊರಟಿದ್ದ ಪುಣೆಯ ಕುಟುಂಬವೊಂದು ಇದು ಇಲ್ಲಿನ ಆಚರಣೆಯಿರಬೇಕೆಂದು ಭಾವಿಸಿ ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ಕೈಕಟ್ಟಿ ನಿಂತು ಹೋಯಿತು.

ಮಧ್ಯಾಹ್ನದ ಊಟ ಮುಗಿದ ಮೇಲೆ ಮಾಗ್ದಲೀನಾ ಒಂದು ಕೈಗನ್ನಡಿ ತಂದಳು. "ಎಂಥಾ ಬಾಯಿಸಾಹೇಬ್ ಆದ್ರೂ ಕನ್ನಡಿ ಕಂಡ್ರ ತಿರಗತಾಳ," ಎಂದಳು. ಅದು ಅನುಭವದ ಮಾತು. ದಿನೇಶ ಕನ್ನಡಿಯನ್ನು ಪಕ್ಕದ ಗಾಜಿಗೆ ಹಿಡಿದ.

ಬಾಯಿಸಾಹೇಬರಿಗೆ ತಮ್ಮ ಮನೆಯಲ್ಲಿ ಇನ್ನೊಬ್ಬ ಬಾಯಿಸಾಹೇಬ್ ಕಂಡರು. ಬೆಳಗಿನಿಂದ ಅಲುಗದಿದ್ದವರು ರೆಕ್ಕೆ ಕೆದರಿ, ಬಾಲ ಬೀಸಿ, ಬಾಣದ ಹಾಗೆ ಬಂದು ಗಾಜಿಗೆ ಎಡಕೆನ್ನೆ ಅಪ್ಪಳಿಸಿದರು. ಟಕ್ಕೆಂದು ಸದ್ದಾಯಿತು. ದಿನೇಶ ಕನ್ನಡಿ ಕೆಳಗಿಳಿಸುವಷ್ಟರಲ್ಲಿ ಮತ್ತೊಮ್ಮೆ ಅಪ್ಪಳಿಸಿ, ಮಸುಕುನೀರಿನಲ್ಲಿ ಕಲ್ಲಿನ ಹಿಂದೆ ಮರೆಯಾದರು.

"ಎಡಗಣ್ಣು ಕಂಡಿತೇನು?" ಎಂದ ದಿನೇಶ.

"ಬಂದದ್ದು ಕಂಡಿತು, ಹೋದದ್ದು ಕಂಡಿತು. ಕಣ್ಣು ಕಾಣಲಿಲ್ಲ."

ಸೂರ್ಯ ನದಿಯ ಕಡೆ ಇಳಿಯುವ ಹೊತ್ತಿಗೆ ಬಾಯಿಸಾಹೇಬರು ತಾವಾಗಿಯೇ ಹೊರಬಂದು ಗಾಜಿಗೆ ಎಡಮೈ ಕೊಟ್ಟು ನಿಂತರು. ಎಡಗಣ್ಣು ಬಲಗಣ್ಣಿನಷ್ಟೇ ಉಬ್ಬಿತ್ತು. ದಿನೇಶನ ಮೈಯಿಂದ ಒಂದು ಮೂಟೆ ಇಳಿದಂತಾಯಿತು. ಕಣ್ಣಲ್ಲಿ ನೀರೇ ಬಂತು.

"ಎರಡೂ ಅದಾವಲ್ಲವ್ವಾ," ಎಂದ.

"ಕನ್ನಡಿಗಿಂತ ಮೊದಲ ಹಂಗ ಇತ್ತೇನು?"

"ಮೊದಲ ಅದನ್ನ ನೋಡಿದಾವ್ರು ಯಾರು?"

ಮಾಗ್ದಲೀನಾ ಕನ್ನಡಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಸಾವುಕಾರರ ಜೀಪು ಬಂತು. ಅವರು ಯಾರನ್ನೂ ಮಾತಾಡಿಸದೆ ನೇರವಾಗಿ ಗಾಜಿನ ಹತ್ತಿರ ಹೋದರು. ಅಷ್ಟರಲ್ಲಿ ಮತ್ತೆ ಹೊರಳಿ ನಿಂತಿದ್ದ ಬಾಯಿಸಾಹೇಬರ ಬಲಗಣ್ಣನ್ನು ಕಂಡು ಸಾವುಕಾರರ ಮುಖ ಬಾಡಿತು. ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತು ಟೊಪ್ಪಿಗೆ ತೆಗೆದರು. ದಿನೇಶ ಸಂಜೆಯೆಲ್ಲ ಕಲಿತಿಟ್ಟುಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದ.

"ಒಂದಲ್ರೀ, ಎರಡೂ ಕಣ್ಣು ಉಬ್ಬ್ಯಾವು. ಒಂದಾಗಿದ್ರ ಪೆಟ್ಟು. ಎರಡಂದ್ರ ಪೆಟ್ಟಲ್ಲ, ನೀರಿಂದ. ಗೋವಾಕ್ಕ ಫೋನ್ ಮಾಡಿ ಕೇಳೇನ್ರಿ."

ಸಾವುಕಾರರು ತಟ್ಟನೆ ತಲೆಯೆತ್ತಿದರು. "ಎರಡೂ?" ಎದ್ದು ಹೋಗಿ ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ಆಮೇಲೆ ದೊಡ್ಡದೊಂದು ನಿಟ್ಟುಸಿರು ಬಿಟ್ಟು ದಿನೇಶನ ಹೆಗಲ ಮೇಲೆ ಕೈಯಿಟ್ಟರು.

"ನೀ ನನ್ನ ಉಳಿಸಿದಿ ನೋಡು. ನಿನ್ನೆ ಹೊರಡೂ ಮುಂದ ಕಲ್ಲು ಸರಿಮಾಡಾಕ ಹೋಗಿ ಜಾಳಿಗಿ ಕೋಲಿಲೆ ಇಕಿ ಬಲಗಣ್ಣಿಗೆ ತಿವದಬಿಟ್ಟಿದ್ದೆ. ಮದವಿ ಊಟ ಗಂಟಲಾಗ ಇಳೀಲಿಲ್ಲ. ಬರೂ ದಾರ್‍ಯಾಗ ಒಂದ ನಿಶ್ಚೆ ಮಾಡಿದ್ದೆ, ಒಂದ ಕಣ್ಣು ಉಬ್ಬಿದ್ರ ತಪ್ಪು ನಂದ, ಯಾರಿಗೂ ಚಕಾರ ಎತ್ತೂದಿಲ್ಲ. ನಿನ್ನ ಕೈಯಾಗ ಕೀಲಿ ಕೊಟ್ಟು ಸುಮ್ಮ ಕುಂದರೂದು."

ದಿನೇಶನ ಬಾಯಿ ಸ್ವಲ್ಪ ತೆರೆದಿತ್ತು, ಮೀನಿನ ಬಾಯಿಯ ಹಾಗೆಯೇ.

"ಎರಡಂದ್ರ ನೀರಿಂದ ತಪ್ಪು," ಎಂದರು ಸಾವುಕಾರರು. ಅವರ ದನಿ ಈಗ ಮಾಲೀಕರ ದನಿಯಾಗಿತ್ತು. "ನಿನ್ನೆ ನಾ ನೀರು ತಪಾಸ ಮಾಡೇ ಹೋಗೇನಿ. ತಿಳಿ ಇತ್ತು. ಈಗ್ಯಾಕ ಮಜ್ಜಿಗಿ ಆಗೈತಿ? ನೀರಾಗ ಕೈ ಹಾಕಿದಾಂವ ಯಾರು?"

ಅಷ್ಟರಲ್ಲಿ ಗೂಳಪ್ಪ ರೋಗಿಯ ಯೋಗಕ್ಷೇಮ ವಿಚಾರಿಸಲು ಒಳಗೆ ಬಂದ. ಪ್ರಶ್ನೆಯನ್ನು ಕೇಳಿಸಿಕೊಂಡು, ಸಾವುಕಾರರ ಮುಖ ನೋಡಿ, ಗಾಳಿ ಯಾವ ಕಡೆಯದೆಂದು ತಿಳಿದುಕೊಂಡ.

"ಒಂದ ಚಮಚ ಉಪ್ಪು, ಬ್ಯಾರೆ ನೀರಾಗ ಕರಗಿಸಿ, ನಿಧಾನಕ್ಕ ಹಾಕಬೇಕು ಸಾವಕಾರ್ರ. ಅದು ಪದ್ಧತಿ," ಎಂದ. "ಹುಡುಗ ಮುಷ್ಟಿ ಹಾಕಿ ಮೊಳಕೈತನಾ ಕಲಸಿದ. ಪ್ರಾಯದಾವ್ರಿಗೆ ಗಡಿಬಿಡಿ ಬಹಳ."

ಮಾಗ್ದಲೀನಾ ಬಾಯಿ ತೆರೆದಳು. ದಿನೇಶ ಅವಳ ಸೆರಗಿನ ಕಡೆ ನೋಡಿದ. ಮುಷ್ಟಿಯ ಕತೆ ಹೊರಬಂದರೆ ಅದರ ಬೆನ್ನಿಗೆ ಕನ್ನಡಿಯ ಕತೆಯೂ ಹೊರಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಬಾಯಿ ಮುಚ್ಚಿಕೊಂಡಳು.

ಸಾವುಕಾರರು ಗೂಳಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಂಥ ತಿಳಿವಳಿಕೆಯುಳ್ಳವರು ಎದುರಿಗೇ ಇದ್ದೂ ತಮಗೆ ಕಾಣಲಿಲ್ಲವಲ್ಲ ಎಂದು ಅವರಿಗೆ ಬೇಸರವಾಯಿತು. ಬಾಯಿಸಾಹೇಬರು ಗುಣವಾಗುವವರೆಗೆ ಹಗಲೂ ರಾತ್ರಿ ಹತ್ತಿರ ಒಬ್ಬ ಜಾಣ ಬೇಕು, ನೀವು ಇಲ್ಲಿಯೇ ಇದ್ದುಬಿಡಿ ಎಂದು ಕೇಳಿಕೊಂಡರು. ದಿನೇಶನ ಕೆಲಸ ಉಳಿಯಿತು. ಕೀಲಿ ಗೂಳಪ್ಪನ ಕೈಗೆ ಹೋಯಿತು.

ಚಹಾದಂಗಡಿಯ ಹಿಂದಿನ ಚಪ್ಪರದಿಂದ ಗೂಳಪ್ಪನ ಹೊರಸನ್ನು ಹಿತ್ತಿಲ ಖೋಲಿಗೆ ಹೊತ್ತು ತಂದವನು ದಿನೇಶನೇ. ಗೋಡೆಗೆ ಹೊಸ ಸುಣ್ಣ ಹಚ್ಚಿತ್ತು. ಕಿಟಕಿಯ ಹತ್ತಿರ ತೊಟ್ಟಿಲು ಕಟ್ಟಲು ಅನುಕೂಲವಾದ ತೊಲೆಯೂ ಇತ್ತು. ದಿನೇಶ ಮುಖ ಆ ಕಡೆ ತಿರುಗಿಸಿಕೊಂಡ. ಅದನ್ನು ನೋಡಿ ಗೂಳಪ್ಪನಿಗೂ ಮನಸ್ಸು ಕರಗಿತು. ಅವನೇನು ಕೆಟ್ಟ ಮನುಷ್ಯನಲ್ಲ.

"ಹೆಂಡ್ತಿ ಕೂಸನ್ನ ಬರಬ್ಯಾಡ ಅನ್ನಬ್ಯಾಡೋ ತಮ್ಮಾ," ಎಂದು ಹೊರಸಿನ ಮೇಲೆ ಕೂತು ಹೇಳಿದ. "ನನ್ನ ಸಪ್ಪರ ಖಾಲಿ ಆತಲ್ಲ, ಅಲ್ಲೇ ಇರ್‍ರಿ. ಎಮ್ಮಿ ಒಂದ ಕಟ್ಟೇನಿ. ಅದರ ಕಣ್ಣು ಎರಡೂ ಚೊಲೋ ಅದಾವು."