ಅತ್ತೆಯ ಮೌನವ್ರತ

ನನ್ನ ಸೋದರತ್ತೆ ಬಾಯಿ ಮುಚ್ಚಿಕೊಂಡಿದ್ದನ್ನು ಕಂಡವರು ಇಡೀ ಡೊಂಬಿವಲಿಯಲ್ಲಿ ಯಾರೂ ಇಲ್ಲ. ನಿದ್ದೆಯಲ್ಲೂ ತರಕಾರಿಯವನ ಜೊತೆ ಚೌಕಾಸಿ ಮಾಡುವ ಜೀವ ಅದು! ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ "ಜರಾ ಸರ್ಕೋ" ಎಂದು ಸೀಟಿನ ತುದಿಗೆ ಆತುಕೊಂಡರೆಂದರೆ ಮುಗಿಯಿತು. ಠಾಣೆ ಬರುವುದರೊಳಗೆ ಪಕ್ಕದವಳ ಸೊಸೆಯ ಹೆರಿಗೆ, ಗಂಡನ ಮೂಲವ್ಯಾಧಿ ಎಲ್ಲವೂ ಇವರಿಗೆ ಗೊತ್ತಾಗಿರುತ್ತದೆ. "ಮಾತಾಡುದು ನನ್ನ ಹಕ್ಕು ಮಾರಾಯ, ಸರ್ಕಾರವೇ ಕೊಟ್ಟದ್ದು" ಎನ್ನುತ್ತಾರೆ. ಪಾಪ, ಕೊಡುವಾಗ ಸರ್ಕಾರ ಇವರನ್ನು ನೋಡಿರಲಿಲ್ಲ.

ಇಂಥವರ ಹಕ್ಕಿಗೆ ಕೈಹಾಕಿದ್ದು ನನ್ನ ಮಗಳ ಶಾಲೆ. ಅಲ್ಲಿ ಇಂಗ್ಲಿಷ್ ಬಿಟ್ಟು ಬೇರೇನಾದರೂ ಆಡಿದರೆ ಕೊರಳಿಗೆ ಕೆಂಪು ಕಾರ್ಡು. ಮೂರನೇ ಕ್ಲಾಸಿನ ಮಗಳು, ಟಿಫಿನ್ ಡಬ್ಬಿ ಬಿದ್ದು ಅವಲಕ್ಕಿ ಚೆಲ್ಲಿದಾಗ "ಅಯ್ಯಯ್ಯೋ!" ಎಂದುಬಿಟ್ಟಳಂತೆ. ಅದು ನಮ್ಮ ಜೊತೆಗೇ ಇರುವ ಈ ಅತ್ತೆಯಿಂದ, ಅಂದರೆ ಅವಳ ಅಜ್ಜಿಯಿಂದ, ಬಂದ ಆಸ್ತಿ. ಇಂಗ್ಲಿಷಿನಲ್ಲಿ ಅವಲಕ್ಕಿ ಚೆಲ್ಲುವುದು ಹೇಗೋ ನನಗಂತೂ ತಿಳಿಯದು! ದಿನವಿಡೀ ಕಾರ್ಡು ಹೊತ್ತುಕೊಂಡಿದ್ದವಳು ಮನೆಗೆ ಬಂದು ಹೇಳಿದಳು: "ಅಜ್ಜಿ, ಗೇಟ್ ಕೆ ಪಾಸ್ ಮುಝ್‌ಸೇ ಕನ್ನಡ ಮತ್ ಬೋಲ್ನಾ."

ಅವತ್ತು ಅತ್ತೆ ಸರಿಯಾಗಿ ಉಣ್ಣಲಿಲ್ಲ. ಶಾಲೆಯ ಗೇಟಿನ ಹತ್ತಿರ ಕನ್ನಡ ಆಡಬೇಡ ಎನ್ನುವಷ್ಟು ಮೊಮ್ಮಗಳೇ ತನ್ನ ಮಾತಿಗೆ ನಾಚಿಕೊಂಡಳಲ್ಲ ಎಂದು ಅವರಿಗೆ ನಿಜಕ್ಕೂ ನೋವಾಗಿತ್ತು.

ಸೋಮವಾರ ಬೆಳಿಗ್ಗೆ ಮಗಳ ಹಣೆಗೆ ಗಂಧವಿಟ್ಟು ಘೋಷಿಸಿದರು: "ಇವತ್ತು ನಿಂಗೆ ಮೌನವ್ರತ. ಇಂಗ್ಲಿಷೂ ಇಲ್ಲ, ಎಂತದೂ ಇಲ್ಲ. ದೇವರ ವಿಷಯಕ್ಕೆ ಯಾರು ಕಾರ್ಡು ಹಾಕ್ತಾರೆ ನೋಡುವ!"

"ಆಪ್ ಭೀ ಕರೋಗೆ?" ಎಂದಳು ಮಗಳು.

ಅತ್ತೆ ಬೆವರಿದರು. "ಆಯ್ತು, ನಾನೂ ಮಾಡ್ತೇನೆ" ಎಂದು ಬಾಯಿ ಮುಚ್ಚಿದರು. ಹಾಲಿನವನು ಗಾಬರಿಯಾಗಿ, ಮನೆಯಲ್ಲಿ ಯಾರಿಗೆ ಹುಷಾರಿಲ್ಲವೆಂದು ವಿಚಾರಿಸಿಕೊಂಡು ಹೋದ.

ಮಧ್ಯಾಹ್ನವೇ ಶಾಲೆಯಿಂದ ಫೋನು. ಅವತ್ತು ಮಗ್ಗಿ ಒಪ್ಪಿಸುವ ದಿನ. ನನ್ನ ಮಗಳು "ದೇವರ ವ್ರತ, ಮಾತಾಡುವಂತಿಲ್ಲ" ಎಂದು ಬರೆದು ತೋರಿಸಿ ಪಾರಾದಳಂತೆ. ಏಳರ ಮಗ್ಗಿ ಬರುವಷ್ಟರಲ್ಲಿ ಸಕಲ ಮತಗಳ ಮಕ್ಕಳಿದ್ದ ಅರ್ಧ ಕ್ಲಾಸು ಭಕ್ತಿ ಉಕ್ಕಿ ಮೌನವ್ರತ ಹಿಡಿದುಬಿಟ್ಟಿತ್ತು!

ಅತ್ತೆಯನ್ನು ಕರೆದುಕೊಂಡು ಹೋದೆ. ಪ್ರಿನ್ಸಿಪಾಲರ ಮೇಜಿನ ಮೇಲೆ ಆ ಕೆಂಪು ಕಾರ್ಡು, ಪಕ್ಕದಲ್ಲಿ ನನ್ನ ಮಗಳು. "ಆಜೀ, ವ್ರತಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಅದರಿಂದ ಪಾಠವೇ ನಿಂತರೆ? ಬೇರೆ ಮಕ್ಕಳಿಗೂ ಹಕ್ಕಿದೆಯಲ್ಲ? ಇದು ಭಕ್ತಿಯೋ ಹಟವೋ, ನೀವೇ ಹೇಳಿ" ಎಂದು ಅವರು ಮರಾಠಿಯಲ್ಲಿ ಕೇಳಿದರು. (ಅವರ ಕೊರಳಿಗೆ ಕಾರ್ಡು ಹಾಕುವವರು ಯಾರು?) ಪ್ರಶ್ನೆಯೇನೋ ನ್ಯಾಯವಾದದ್ದೇ.

ನಾನೋ, ಪ್ರಿನ್ಸಿಪಾಲರನ್ನು ಕಂಡರೆ ಈಗಲೂ ಕೈಕಟ್ಟಿ ನಿಲ್ಲುವವನು. ಅತ್ತೆಯ ಗಂಟಲಲ್ಲಿ ನೂರು ಉತ್ತರಗಳು ಬಂದು ನಿಂತಿದ್ದವು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ಆದರೆ ಮೊಮ್ಮಗಳಿಗೆ ಮಾತು ಕೊಟ್ಟಾಗಿತ್ತು. ಬಾಯಿ ತೆರೆಯಲೇ ಇಲ್ಲ.

ಅಜ್ಜಿಯ ಮುಖವನ್ನೇ ನೋಡುತ್ತಿದ್ದ ಮಗಳು ಮೇಜಿನ ಮೇಲಿನ ಕಾರ್ಡನ್ನು ತಾನೇ ಎತ್ತಿ ಕೊರಳಿಗೆ ಹಾಕಿಕೊಂಡಳು. ಆಮೇಲೆ ಕನ್ನಡದಲ್ಲಿ ಹೇಳಿದಳು: "ಅಜ್ಜಿ, ಸಾಕು. ಮಾತಾಡಿ. ಗೇಟಿನ ಹತ್ರನೂ ಮಾತಾಡಿ."

ಅತ್ತೆ ಬಾಯಿ ತೆರೆದರು. ಬೆಳಗಿನಿಂದ ತಡೆದಿಟ್ಟದ್ದರಲ್ಲಿ ಹೊರಬಂದದ್ದು ಇಷ್ಟೇ: "ಅಯ್ಯಯ್ಯೋ, ನನ್ನ ಮಗಾ!" ಕಾರ್ಡು ಸಮೇತ ಅವಳನ್ನು ಅಪ್ಪಿಕೊಂಡರು.