ಒಂದು ಹುಳಾನೂ ಉಳಿಯಲ್ಲ!

ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಶಾಲೆಯ ಮಿಸ್ ಫೋನ್ ಮಾಡಿದರು. "ಅಕ್ಕಾ, ಇವತ್ತು ಮಕ್ಕಳಿಗೆ ಹೊಟ್ಟೆಹುಳದ ಮಾತ್ರೆ ಕೊಡ್ತೀವಿ. ತಾಯಂದಿರ ಪರವಾಗಿ ನೀವೊಂದೆರಡು ಮಾತಾಡ್ಬೇಕು."

ನಾನಾ! ತಕ್ಷಣ ಸೆರಗು ಸರಿಮಾಡಿಕೊಂಡೆ. ನಾಲ್ಕನೇ ಕ್ಲಾಸಿನ ನಮ್ಮ ಗೌರಿಗೆ ದಿನಾ ಹೊಟ್ಟೆನೋವು, ತಿಂದದ್ದು ಮೈಗೆ ಹತ್ತದು. ಮಾತ್ರೆ ಕೊಟ್ಟರೆ ಉಗಿಯುತ್ತಾಳೆ. ನನ್ನ ಮಾತು ಕೇಳಿಯಾದರೂ ತಿನ್ನಲಿ ತಾಯಿ ಎಂದು ಗಂಗಮ್ಮನಿಗೆ ಕೈಮುಗಿದೆ.

ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದ ಯಜಮಾನರು ಹುಳದ ಮನೆಯಿಂದಲೇ ಕೂಗಿದರು. "ಹುಳ ನಾಕನೇ ಜ್ವರ ಎದ್ದು, ಪೊರೆ ಬಿಟ್ಟು ಸೊಪ್ಪು ಸೊಪ್ಪು ಅಂತೈತೆ, ಈಯಮ್ಮಂಗೆ ಭಾಷಣ!"

ಶಾಲೆಗೆ ಹೋಗುವಷ್ಟರಲ್ಲಿ ಬಿಸಿಯೂಟ ಮುಗಿದಿತ್ತು. ಮಕ್ಕಳ ಕೈಯಲ್ಲಿ ಮಾತ್ರೆ. ನಾನು ಗಂಟಲು ಸರಿಪಡಿಸಿಕೊಂಡು ಗಂಭೀರವಾಗಿ ಘೋಷಿಸಿದೆ: "ಪ್ರೀತಿಯ ಮಕ್ಕಳೇ! ಈ ಮಾತ್ರೆ ಅಗಿದು ತಿಂದರೆ ಒಂದು ಹುಳಾನೂ ಉಳಿಯಲ್ಲ!"

ಚಪ್ಪಾಳೆಗೆ ಕಾದೆ. ಬಂದದ್ದು ಮಕ್ಕಳ ಅಳು!

"ಆಂಟೀ, ನಮ್ಮ ಹುಳ ನಾಳೆ ಹಣ್ಣಾಗಿ ಗೂಡು ಕಟ್ತೈತೆ! ಸಾಯಿಸ್ಬೇಡಿ!" ಎಂದು ಒಬ್ಬಳು ಬಿಕ್ಕಿದಳು. ಮನೆಮನೆಯಲ್ಲೂ ರೇಷ್ಮೆ ಸಾಕುವ ಊರಿನಲ್ಲಿ ನಾನು ಹೇಳಿದ್ದೇನು ಎಂಬುದು ಆಗ ಹೊಳೆಯಿತು. ಅಷ್ಟರಲ್ಲಿ ಮಾತ್ರೆಗಳೆಲ್ಲ ಜೇಬು ಸೇರಿದ್ದವು. ಮೊದಲು ಬಚ್ಚಿಟ್ಟವಳು ಗೌರಿ!

"ಮನೆ ಹುಳ ಅಲ್ಲ ಕಣ್ರಪ್ಪಾ, ನಿಮ್ಮ ಹೊಟ್ಟೇಲಿರೋ ಹುಳ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡರು. "ಹೊಟ್ಟೇಲೂ ಗೂಡು ಕಟ್ತವಾ ಆಂಟೀ?"

ಕಾಂಪೌಂಡಿನಾಚೆಯಿಂದ ಶಾಲೆ ಪಕ್ಕದ ಮನೆಯ ಮುನೆಕ್ಕಜ್ಜಿ ತೆಲುಗಿನಲ್ಲಿ ಅಬ್ಬರಿಸಿದಳು. "ಏಮ್ಮಾ, ಪುರುಗುಲು ಚಂಪೇ ಮಾತ್ರ ಇಸ್ತಾವಾ?" ಹುಳ ಸಾಯಿಸೋ ಮಾತ್ರೆ ಕೊಡ್ತೀಯಾ ಅಂತ! ನಾನು ಮೆಲ್ಲಗೆ ಕುರ್ಚಿ ಹಿಂದಕ್ಕೆ ಸರಿದೆ.

ಮಿಸ್ ಮುಂದೆ ಬಂದರು. "ಕೈಕಾಲು ತೊಳೀದೆ ಹುಳದ ಮನೆಗೆ ಬಿಡ್ತಾರಾ?"

"ಇಲ್ಲಾ ಮಿಸ್! ಹುಳಕ್ಕೆ ರೋಗ ಬರ್ತದೆ!"

"ಮತ್ತೆ ನೀವು ಕೈ ತೊಳೀದೆ ಬಾಯಿಗೆ ಅನ್ನ ಹಾಕ್ಕೋತೀರಲ್ಲಾ? ಆಗ ಒಳಗೆ ನುಗ್ಗೋದು ಕಳ್ಳಹುಳ. ರೇಷ್ಮೆಹುಳ ಸೊಪ್ಪು ತಿಂತದೆ, ಕಳ್ಳಹುಳ ನೀವು ತಿಂದ ಊಟಾನೇ ತಿಂತದೆ. ಮಾತ್ರೆ ಆ ಕಳ್ಳನಿಗೆ ಮಾತ್ರ."

ಗೌರಿ ಜೇಬಿಗೆ ಕೈ ಹಾಕಿದಳು. "ನನ್ನ ಮುದ್ದೇನೂ ಅದೇ ತಿಂತಿತ್ತಾ?" ಎಂದು ಸಿಟ್ಟಿನಿಂದ ಕಟಕಟ ಅಗಿದೇಬಿಟ್ಟಳು. ಉಳಿದವರೂ ಅಗಿದರು. ತಾಯಿ ಗಂಗಮ್ಮ ದೊಡ್ಡವಳು. ನನ್ನ ಭಾಷಣ ಕೇಳಿಯೂ ಮಕ್ಕಳು ಮಾತ್ರೆ ತಿಂದರಲ್ಲ!

ಮನೆಗೆ ಬಂದರೆ ಯಜಮಾನರು ಕೇಳಿದರು. "ಹೆಂಗಾಯ್ತು ಭಾಷಣ?"

"ನಮ್ಮ ಹುಳಗಳೆಲ್ಲ ಕ್ಷೇಮ," ಎಂದೆ.

ಅವರೆಕಾಳಿನ ಮುಂದೆ ಕೂತು, ಹಿತುಕಿದ್ದರಲ್ಲಿ ಒಂದು ಬಾಯಿಗೆ ಹಾಕಿಕೊಳ್ಳಲಿದ್ದೆ.

"ಅಮ್ಮಾ, ಕೈ ತೊಳೆದ್ಯಾ?" ಬಾಗಿಲಲ್ಲಿ ಗೌರಿ, ಸೊಂಟದ ಮೇಲೆ ಕೈ!

ತಾಯಂದಿರ ಪ್ರತಿನಿಧಿ ಎದ್ದು ನಲ್ಲಿಯ ಕಡೆ ನಡೆದಳು. ಇನ್ನೂ ಅರ್ಧ ಬೋಗುಣಿ ಕಾಳು ಹಿತುಕುವುದಿತ್ತು.