ಮೇಷ್ಟ್ರ ಕಾರಿನ ಹತ್ತು ಬೋಲ್ಟು

ಚಾಮರಾಜಪೇಟೆಯಲ್ಲಿ ಗ್ಯಾರೇಜ್ ಇಟ್ಟವನು ನಗೋದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ಬಾನೆಟ್ ಎತ್ತಿದರೆ ಸಾಕು. ಈ ಸಲ ಎತ್ತಿದ್ದು ಪಕ್ಕದ ಬೀದಿಯ ನಿವೃತ್ತ ಗಣಿತದ ಮೇಷ್ಟ್ರ ಹಳೇ ಕಾರಿನದು. ಅವರ ಹೆಂಡತಿ ಅರವತ್ತರ ಹತ್ತಿರ ಡ್ರೈವಿಂಗ್ ಕಲಿತಿದ್ದರು. ದಸರಾಕ್ಕೆ ಮೊದಲು ತಾವೇ ಓಡಿಸಿಕೊಂಡು ಮೈಸೂರಿನ ತವರಿಗೆ ಹೋಗಿ ಅಮ್ಮನ ಗೊಂಬೆಗಳನ್ನು ತರಬೇಕು ಅನ್ನೋದು ಅವರ ಹಟ. ಇಂಜಿನ್ ಪೂರ್ತಿ ಬಿಚ್ಚಿದ್ದೆ. ಹಬ್ಬಕ್ಕೆ ಉಳಿದಿದ್ದು ಎಂಟೇ ದಿನ!

ಎಲಾಸ್ಟಿಕ್

"ಸರ್, ಇಂಜಿನ್ ತಲೆ ಹಿಡ್ಕೊಂಡಿರೋ ಹೆಡ್ ಬೋಲ್ಟ್ ಹತ್ತೂ ಹೊಸದು ಹಾಕ್ಬೇಕು" ಎಂದೆ.

"ಯಾಕ್ರೀ? ಚೆನ್ನಾಗೇ ಇದಾವಲ್ಲ!"

"ಬಿಗಿ ಮಾಡ್ದಾಗ ಎಳ್ಕೊಂಡು ಹಿಡ್ಕೊಳ್ಳೋ ಬೋಲ್ಟ್ ಸರ್ ಇವು. ಒಂದ್ಸಲ ಎಳ್ಕೊಂಡ್ರೆ ಮತ್ತೆ ಆ ಹಿಡಿತ ಬರಲ್ಲ. ಪೈಜಾಮದ ಎಲಾಸ್ಟಿಕ್ ಥರ."

ಮೇಷ್ಟ್ರು ಜುಬ್ಬ ಎತ್ತಿ ಸೊಂಟ ತೋರಿಸಿದರು. "ಮೂರು ವರ್ಷದಿಂದ ಪಿನ್ ಹಾಕ್ಕೊಂಡಿದೀನಿ. ಬಿದ್ದಿದೆಯಾ?"

ವಾಸನೆ

"ಮನೇಲಿ ನೋಡ್ತೀನಿ" ಎಂದು ಹತ್ತೂ ಬೋಲ್ಟ್ ಒಯ್ದರು. ಮರುದಿನ ಪೇಪರಿನಲ್ಲಿ ಸುತ್ತಿ ಹತ್ತು ತಂದರು. ಥಳಥಳ!

"ಹೊಸದೇ ತಂದೆ, ಮಾಮೂಲ್‌ಪೇಟೆಯಿಂದ."

ಮೂಗಿನ ಹತ್ತಿರ ಹಿಡಿದೆ. "ಸರ್, ಹುಣಸೆಹಣ್ಣಿನ ವಾಸನೆ ಬರ್ತಿದೆ."

"ಅಂಗಡಿಯವನು ಪುಳಿಯೋಗರೆ ತಿಂತಿದ್ದ ಕಣ್ರೀ!"

ಟಕ್

ಸಂಜೆ ಮೇಡಂ ಗಂಡನನ್ನು ಕರೆದುಕೊಂಡು ಬಂದೇಬಿಟ್ಟರು. "ದೇವರ ಪಾತ್ರೆ ಜೊತೆ ಇವನ್ನೂ ತಿಕ್ಕು ಅಂದ್ರು, ತಿಕ್ಕಿದೆ. ಹಳೇದೇ ಹಾಕಿದ್ರೆ ಏನಾಗುತ್ತೆ?"

ಮೂಲೆಯಲ್ಲಿದ್ದ ಗುಜರಿ ಇಂಜಿನ್ನಿಗೆ ಅವುಗಳಲ್ಲೊಂದನ್ನು ಹಾಕಿ, ಕಂಪನಿ ಹೇಳಿದಷ್ಟು ಬಿಗಿ ಮಾಡಿದೆ. ಕೊನೇ ತಿರುವಿಗೆ ಟಕ್! ಬೋಲ್ಟ್ ಎರಡು ತುಂಡು. ನನಗೆ ಕುಣಿಯುವಷ್ಟು ಖುಷಿ!

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. "ನಾನು ಮೊದ್ಲಿಂದ ಹೇಳ್ತಾನೇ ಇದೀನಿ, ಹೊಸದು ಹಾಕ್ರೀ ಅಂತ!"

ಗೊಂಬೆ

ಹೊಸ ಬೋಲ್ಟ್ ಬಿಗಿದು ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್! ಮೇಡಂ ಹಾರ್ನ್ ಹೊಡೆದುಕೊಂಡೇ ಹೊರಟರು. ಹೊರಡುವ ಮೊದಲು ಹಳೇ ಸಾಮಾನು ಕೇಳಿ ಪಡೆಯುವುದನ್ನು ಮರೆಯಲಿಲ್ಲ, ಮುರಿದಿದ್ದನ್ನೂ ಬಿಡಲಿಲ್ಲ.

ದಸರಾಕ್ಕೆ ಗೊಂಬೆ ನೋಡಲು ಕರೆದರು. ಮೈಸೂರಿಗೆ ಹೋಗಿ ಬಂದ ಹೆಮ್ಮೆ ಮೇಡಂ ಮುಖದಲ್ಲಿ ಹೊಳೆಯುತ್ತಿತ್ತು. "ಎಲ್ಲಾ ಗೊಂಬೆ ಸಿಕ್ತು. ದಶಾವತಾರದ ಸೆಟ್ ಮಾತ್ರ ನಮ್ಮಕ್ಕ ಮೊದ್ಲೇ ಎತ್ಕೊಂಡು ಹೋಗಿದ್ಲು" ಎಂದರು.

ಮೇಲಿನ ಮೆಟ್ಟಿಲಿಗೆ ಕಣ್ಣು ಹೋಯಿತು. ರೇಷ್ಮೆ ಚೂರು ಉಟ್ಟು, ಕುಂಕುಮ ಇಟ್ಟುಕೊಂಡು, ನಾನು ಬಿಚ್ಚಿದ್ದ ಹತ್ತು ಬೋಲ್ಟ್ ಸಾಲಾಗಿ ನಿಂತಿದ್ದವು! ಐದನೆಯದು ಮಾತ್ರ ಅರ್ಧಕ್ಕರ್ಧ ಗಿಡ್ಡ.

"ಮೇಡಂ, ಅದು ಮುರಿದಿದ್ದಲ್ವಾ?"

"ಶ್! ಹಾಗನ್ಬಾರ್ದು. ಅದು ವಾಮನ."